ಹಳೆಯ ಐ7, ಹೊಸ ಐ3 ಮತ್ತು ನಮ್ಮ ಜೇಬು

ಕಂಪ್ಯೂಟರ್ ಅಂಗಡಿಗೆ ಕಾಲಿಟ್ಟ ಕೂಡಲೇ ಎದುರಾಗುವ ಪ್ರಶ್ನೆಗಳು ಎರಡು. "ಬಜೆಟ್ ಎಷ್ಟು ಸಾರ್?" ಅನ್ನುವುದು ಒಂದು. "ಐ3 ಕೊಡಲಾ, ಐ5 ಕೊಡಲಾ?" ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ನಮ್ಮ ಜೇಬಿನಲ್ಲೇ ಇರುತ್ತದೆ. ಎರಡನೆಯದು ಅರ್ಧ ಪ್ರಶ್ನೆ. ಯಾವ ಜನರೇಷನ್ನಿನ ಐ3, ಯಾವ ಜನರೇಷನ್ನಿನ ಐ5 ಎಂಬ ಉಳಿದರ್ಧವನ್ನು ಕೊಳ್ಳುವವರೇ ಕೇಳಬೇಕು. ಅದನ್ನು ಕೇಳದೆ ದುಡ್ಡು ಕೊಟ್ಟು ಬಂದವರು ನಮ್ಮಲ್ಲಿ ಬಹಳ ಮಂದಿ. ಮಗಳ ಓದಿಗೆಂದು ಚೀಟಿ ಎತ್ತಿ ಹಣ ಹೊಂದಿಸಿದವರು, ಊರಿನಲ್ಲಿ ಝೆರಾಕ್ಸ್ ಅಂಗಡಿ ಇಡಲು ಸಂಘದಲ್ಲಿ ಸಾಲ ಮಾಡಿದವರು. ಅಂಥವರ ಒಂದೊಂದು ರೂಪಾಯಿಯೂ ಕೆಲಸಕ್ಕೆ ಬರಬೇಕು. ಅದಕ್ಕಾಗಿ ಇವತ್ತಿನ ಈ ಮಾತು.

ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಸಾಲಿನಲ್ಲಿ ಒಂದು ಸುತ್ತು ಹಾಕಿದರೆ ಹಳೆಯ ಡೆಸ್ಕ್‌ಟಾಪ್‌ಗಳು ಒಂದರ ಮೇಲೊಂದು ಪೇರಿಸಿಟ್ಟಿರುವುದು ಕಾಣುತ್ತದೆ. ಕಚೇರಿಗಳು ಬಳಸಿ ಬಿಟ್ಟ ಯಂತ್ರಗಳು ಅವು. ಒರೆಸಿ, ಹೊಸ ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಏರಿಸಿ ಮಾರುತ್ತಾರೆ. "ಐ7 ಇದೆ ಸಾರ್, ಹದಿನಾರು ಜಿಬಿ ರ‍್ಯಾಮ್, ಹೊಸ ಐ3 ರೇಟಿನ ಅರ್ಧಕ್ಕೆ ಸಿಗುತ್ತೆ" ಎಂದಾಗ ಕೇಳುವವರ ಕಿವಿ ನಿಮಿರುತ್ತದೆ. ಮೂರಕ್ಕಿಂತ ಏಳು ದೊಡ್ಡದಲ್ಲವೇ?

ಒಂದೇ ವರ್ಷ ಹುಟ್ಟಿದ ಚಿಪ್‌ಗಳ ನಡುವೆ ಮಾತ್ರ ಆ ಲೆಕ್ಕ ನಡೆಯುತ್ತದೆ. 2011ರಲ್ಲಿ ಬಂದ ಇಂಟೆಲ್ ಕಂಪನಿಯ ಐ7-2600 ತನ್ನ ಕಾಲದಲ್ಲಿ ದೊಡ್ಡ ಹೆಸರು. ಅದರಲ್ಲಿ ಲೆಕ್ಕ ಮಾಡುವ ಘಟಕಗಳು, ಅಂದರೆ ಕೋರ್, ನಾಲ್ಕು; ಅವು ಒಟ್ಟಿಗೆ ನಡೆಸುವ ಕೆಲಸದ ಎಳೆಗಳು, ಅಂದರೆ ಥ್ರೆಡ್, ಎಂಟು. 2022ರ ಜನವರಿಯಲ್ಲಿ ಬಂದ ಐ3-12100 ಎಂಬ ಅಗ್ಗದ ಚಿಪ್ಪಿನಲ್ಲೂ ನಾಲ್ಕು ಕೋರ್, ಎಂಟು ಥ್ರೆಡ್. ಲೆಕ್ಕಕ್ಕೆ ಎರಡೂ ಸಮ. ಆದರೆ ಹೊಸ ಐ3ರ ಒಂದು ಕೋರ್ ಹಳೆಯ ಐ7ರ ಒಂದು ಕೋರಿಗಿಂತ ಸರಿಸುಮಾರು ಎರಡರಷ್ಟು ಕೆಲಸ ಮಾಡುತ್ತದೆ. ಹಳೆಯದರ ವಿದ್ಯುತ್ ಲೆಕ್ಕ 95 ವ್ಯಾಟ್, ಹೊಸದರದ್ದು 60. ಅಷ್ಟು ಹಿಂದಕ್ಕೂ ಹೋಗಬೇಕಾಗಿಲ್ಲ. 2017ರ ಐ7-7700ಕೆ ಬಿಡುಗಡೆಯಾದಾಗ ಅಮೆರಿಕದ ಬೆಲೆ 340 ಡಾಲರ್ ಆಸುಪಾಸಿನಲ್ಲಿತ್ತು. ಅದರಲ್ಲೂ ನಾಲ್ಕು ಕೋರ್, ಎಂಟು ಥ್ರೆಡ್. ಐದು ವರ್ಷ ಕಳೆದ ಮೇಲೆ 120 ಡಾಲರಿನ ಆಸುಪಾಸಿಗೆ ಬಂದ ಈ ಐ3 ಅದನ್ನೂ ಹಿಂದೆ ಹಾಕಿತು.

ಹಳೆಯದನ್ನು ಕೊಳ್ಳುವವರಿಗೆ ವೇಗಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ, ಬೆರಳೆಣಿಕೆಯ ಅಪವಾದ ಬಿಟ್ಟು, ಎಂಟನೇ ಜನರೇಷನ್ ಅಥವಾ ಅದಕ್ಕಿಂತ ಈಚಿನದು ಇರಬೇಕು. ಇಂಟೆಲ್‌ಗೆ ಪ್ರತಿಸ್ಪರ್ಧಿಯಾದ ಎಎಂಡಿಯಲ್ಲಿ ರೈಜನ್ 3000 ಸರಣಿಯಿಂದ ಈಚಿನದನ್ನು ನೋಡುವುದು ಕ್ಷೇಮ. 2000 ಸರಣಿಯಲ್ಲಿ ಕೆಲವು ಸೇರುತ್ತವೆ, ಕೆಲವು ಸೇರುವುದಿಲ್ಲ. ಅಂಗಡಿಯವರು ಅಡ್ಡದಾರಿಯಲ್ಲಿ ಹಳೆಯ ಯಂತ್ರಕ್ಕೂ ವಿಂಡೋಸ್ 11 ಏರಿಸಿ ಕೊಡುತ್ತಾರೆ. ಏರಿಸುವುದೇನೋ ಆಗುತ್ತದೆ. ಆದರೆ ಮುಂದೆ ಭದ್ರತೆಯ ಅಪ್‌ಡೇಟ್ ಬರುತ್ತದೆಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಬ್ಯಾಂಕಿನ ವ್ಯವಹಾರ, ಜಿಎಸ್‌ಟಿ ರಿಟರ್ನ್, ಗಿರಾಕಿಗಳ ಆಧಾರ್ ಪ್ರತಿ ಇವೆಲ್ಲ ಹಾದುಹೋಗುವ ಯಂತ್ರದಲ್ಲಿ ಇಂಥ ಅನಿಶ್ಚಿತತೆ ಇರಬಾರದು.

ಹಾಗೆಂದು ಹಳೆಯದೆಲ್ಲ ಬೇಡ ಎಂದು ನಾನು ಹೇಳುತ್ತಿಲ್ಲ. ಅದೇ ರಾಶಿಯಲ್ಲಿ 2018ರ ಐ5-8500 ಇರುವ ಯಂತ್ರ ಸಿಕ್ಕರೆ, ಅದು ಎಂಟನೇ ಜನರೇಷನ್ನಿನದು, ಆರು ಕೋರ್ ಇದೆ, ವಿಂಡೋಸ್ 11ರ ಪಟ್ಟಿಯಲ್ಲೂ ಇದೆ. ಟೈಪಿಂಗ್, ಟ್ಯಾಲಿ, ಆನ್‌ಲೈನ್ ಅರ್ಜಿ ತುಂಬುವುದು, ಇಷ್ಟೇ ಕೆಲಸವಾದರೆ ಅಂಥದ್ದನ್ನು ಧೈರ್ಯವಾಗಿ ತೆಗೆದುಕೊಳ್ಳಬಹುದು. ಲಿನಕ್ಸ್ ಬಳಸಲು ಸಿದ್ಧರಿರುವವರು ಇನ್ನೂ ಹಳೆಯದರಲ್ಲೂ ಕೆಲಸ ಸಾಗಿಸಬಹುದು. ಅಲ್ಲಿ ಯೂನಿಕೋಡ್ ಕನ್ನಡ ಟೈಪಿಂಗಿಗೆ ಅಡ್ಡಿಯಿಲ್ಲ.

ಇಂಟೆಲ್‌ನ ಡೆಸ್ಕ್‌ಟಾಪ್ ಚಿಪ್ಪಿನ ಹೆಸರು ಓದುವುದು ಕಷ್ಟವಲ್ಲ. ಅಡ್ಡಗೆರೆಯ ನಂತರ ನಾಲ್ಕು ಅಂಕಿ ಇದ್ದರೆ ಮೊದಲ ಒಂದು ಅಂಕಿ ಜನರೇಷನ್. ಐದು ಅಂಕಿ ಇದ್ದರೆ ಮೊದಲ ಎರಡು. ಐ5-4590 ಅಂದರೆ ನಾಲ್ಕನೆಯದು. ಐ5-12400 ಅಂದರೆ ಹನ್ನೆರಡನೆಯದು. ಕೊನೆಯಲ್ಲಿ ಅಕ್ಷರವಿದ್ದರೆ ಅದನ್ನೂ ಗಮನಿಸಬೇಕು. ಮುಖ್ಯವಾಗಿ 'ಎಫ್' ಎಂಬ ಅಕ್ಷರ. ಐ3-12100ಎಫ್ ಮಾಮೂಲಿ ಐ3-12100ಕ್ಕಿಂತ ಅಗ್ಗ. ಯಾಕೆಂದರೆ ಅದರೊಳಗೆ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಭಾಗ ಕೆಲಸ ಮಾಡುವುದಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ಮಾನಿಟರ್ ಕಪ್ಪಾಗಿಯೇ ಇರುತ್ತದೆ. ಫ್ಯಾನ್ ತಿರುಗುತ್ತಿರುತ್ತದೆ, ದೀಪ ಉರಿಯುತ್ತಿರುತ್ತದೆ. ಮನೆಯವರು ಕೇಬಲ್ ಬದಲಾಯಿಸುತ್ತಾರೆ, ರ‍್ಯಾಮ್ ತೆಗೆದು ಮತ್ತೆ ಕೂರಿಸುತ್ತಾರೆ, ಮದರ್‌ಬೋರ್ಡ್ ಕೆಟ್ಟಿದೆ ಎಂದು ಅಂಗಡಿಗೆ ಹೊತ್ತುಕೊಂಡು ಹೋಗುತ್ತಾರೆ. ಎಲ್ಲ ಸರಿಯಾಗಿಯೇ ಇರುತ್ತದೆ. ಎಡವಿದ್ದು ಆ ಒಂದಕ್ಷರದಲ್ಲಿ. ಹೇಗೂ ಗ್ರಾಫಿಕ್ಸ್ ಕಾರ್ಡ್ ಹಾಕುತ್ತೇನೆ ಎನ್ನುವವರಿಗೆ ಎಫ್ ಒಳ್ಳೆಯ ಉಳಿತಾಯ. ಉಳಿದವರಿಗೆ ಬೇಡ.

ಕಡಿಮೆ ಬೆಲೆಯ ಚಿಪ್ ಅಂದರೆ ಕಳಪೆ ಸರಕು ಎಂಬ ಅಂಜಿಕೆ ಹಲವರಲ್ಲಿದೆ. ಅದನ್ನು ಹೋಗಲಾಡಿಸಲು ಕಾರ್ಖಾನೆಯೊಳಗೆ ನಡೆಯುವುದನ್ನು ಸ್ವಲ್ಪ ಹೇಳಬೇಕು. ಸಿಲಿಕಾನ್ ಬಿಲ್ಲೆಯೊಂದರ ಮೇಲೆ ನೂರಾರು ಚಿಪ್‌ಗಳು ಒಟ್ಟಿಗೆ ಮೂಡುತ್ತವೆ. ಎಲ್ಲವೂ ಒಂದೇ ಸಮ ಬರುವುದಿಲ್ಲ. ಆರು ಕೋರಿನ ಚಿಪ್ಪಿನಲ್ಲಿ ಒಂದೋ ಎರಡೋ ಕೋರಿಗೆ ದೋಷವಿದ್ದರೆ ಎರಡನ್ನು ಶಾಶ್ವತವಾಗಿ ಮುಚ್ಚಿ, ಉಳಿದ ನಾಲ್ಕನ್ನು ಪರೀಕ್ಷಿಸಿ, ಐ3 ಎಂದು ಹೆಸರಿಡುತ್ತಾರೆ. ಗ್ರಾಫಿಕ್ಸ್ ಭಾಗದಲ್ಲಿ ದೋಷವಿದ್ದರೆ ಎಫ್ ಸೇರಿಸುತ್ತಾರೆ. ಕೆಲವೊಮ್ಮೆ ದೋಷವೇ ಇಲ್ಲದಿದ್ದರೂ, ಅಗ್ಗದ ಮಾದರಿಗೆ ಬೇಡಿಕೆ ಹೆಚ್ಚಿದಾಗ ಮುಚ್ಚಿ ಮಾರುವುದುಂಟು. ಐ3-12100 ಹೀಗೆ ಆರು ಕೋರಿನ ಚಿಪ್ಪಿನಿಂದ ಬಂದದ್ದು. ಎಎಂಡಿಯ ರೈಜನ್ 5 5600 ಎಂಟು ಕೋರಿನದರಿಂದ ಬಂದದ್ದು. ತೆರೆದಿರುವ ಕೋರ್‌ಗಳು ದುಬಾರಿ ಅಣ್ಣಂದಿರ ಕೋರ್‌ಗಳಂಥವೇ. ಆಯುಷ್ಯದಲ್ಲಿ, ನಂಬಿಕೆಯಲ್ಲಿ ಏನೂ ಕಡಿಮೆಯಿಲ್ಲ.

ಆದರೆ ಎಲ್ಲಿ ಕತ್ತರಿಸಿದ್ದಾರೆ ಎಂಬುದು ಮುಖ್ಯ. ಅದಕ್ಕೆ 1998ರ ಒಂದು ಪ್ರಸಂಗವಿದೆ. ಅಗ್ಗದ ಚಿಪ್‌ಗಳ ಚರಿತ್ರೆಯಲ್ಲಿ ನನಗೆ ಬಹಳ ಮೆಚ್ಚುಗೆಯದು. ಆಗಿನ ಇಂಟೆಲ್ ಚಿಪ್ ಪೆಂಟಿಯಂ 2 ದುಬಾರಿಯಾಗಿತ್ತು. ಅಗ್ಗದ ಕಂಪ್ಯೂಟರಿಗೆಂದು ಇಂಟೆಲ್ ಆ ವರ್ಷದ ಏಪ್ರಿಲ್‌ನಲ್ಲಿ ಸೆಲೆರಾನ್ ಎಂಬ ಚಿಪ್ ತಂದಿತು. ಬೆಲೆ ಇಳಿಸಲು ಅದರ ಎರಡನೇ ಹಂತದ ಕ್ಯಾಶ್ ಪೂರ್ತಿ ತೆಗೆದುಹಾಕಿತ್ತು. ಕ್ಯಾಶ್ ಅಂದರೆ ಒಲೆಯ ಪಕ್ಕದ ಒಗ್ಗರಣೆ ಡಬ್ಬಿ ಇದ್ದ ಹಾಗೆ: ಸಾಸಿವೆ, ಜೀರಿಗೆ ಕೈಗೆಟುಕುವಲ್ಲೇ ಇರುತ್ತದೆ, ಪ್ರತಿ ಸಲ ಉಗ್ರಾಣಕ್ಕೆ ಓಡಬೇಕಾಗಿಲ್ಲ. ಅದಿಲ್ಲದ ಸೆಲೆರಾನ್ ಕ್ಷಣಕ್ಷಣಕ್ಕೂ ರ‍್ಯಾಮ್‌ಗೆ ಕಾಯುತ್ತ ನಿಂತಿತು. ಜನ ಬೈದರು. ಆಗಸ್ಟ್‌ನಲ್ಲಿ ಇಂಟೆಲ್ ತಿದ್ದಿಕೊಂಡು ಸೆಲೆರಾನ್ 300ಎ ತಂದಿತು. ಈ ಸಲ 128 ಕಿಲೋಬೈಟ್ ಕ್ಯಾಶ್ ಚಿಪ್ಪಿನೊಳಗೇ ಇತ್ತು, ಪ್ರೊಸೆಸರಿನ ಪೂರ್ಣ ವೇಗದಲ್ಲಿ ಓಡುತ್ತಿತ್ತು. ಪೆಂಟಿಯಂ 2ರ ಕ್ಯಾಶ್ 512 ಕಿಲೋಬೈಟ್ ಇದ್ದರೂ ಅರ್ಧ ವೇಗದ್ದು. 300 ಮೆಗಾಹರ್ಟ್ಸ್‌ನ ಆ ಪುಟ್ಟ ಚಿಪ್ಪನ್ನು ಉತ್ಸಾಹಿಗಳು 100 ಮೆಗಾಹರ್ಟ್ಸ್ ಬಸ್ಸಿನ, ಅಂದರೆ ಮದರ್‌ಬೋರ್ಡಿನ ಮಾಹಿತಿ ದಾರಿಯ, ಮೇಲೆ ಕೂರಿಸಿ 450ರಲ್ಲಿ ಓಡಿಸಿ, ದುಬಾರಿ ಪೆಂಟಿಯಂಗೆ ಸರಿಸಾಟಿ ಮಾಡಿದರು. ಒಂದೇ ಹೆಸರು, ನಾಲ್ಕೇ ತಿಂಗಳ ಅಂತರ: ಒಂದು ಕೈಕೊಟ್ಟ ಚಿಪ್, ಇನ್ನೊಂದು ಜನ ಇಂದಿಗೂ ನೆನೆಯುವ ಚಿಪ್.

ಇವತ್ತಿಗೂ ಇದೇ ಕಣ್ಣಿನಿಂದ ನೋಡಬೇಕು. ರೈಜನ್ 5 5600 ಮತ್ತು ರೈಜನ್ 5 5600ಜಿ, ಎರಡರಲ್ಲೂ ಆರು ಕೋರ್, ಹನ್ನೆರಡು ಥ್ರೆಡ್. 5600ರಲ್ಲಿ ಮೂರನೇ ಹಂತದ ಕ್ಯಾಶ್ 32 ಮೆಗಾಬೈಟ್, ಆದರೆ ಒಳಗೆ ಗ್ರಾಫಿಕ್ಸ್ ಇಲ್ಲ. 5600ಜಿಯಲ್ಲಿ ಗ್ರಾಫಿಕ್ಸ್ ಇದೆ, ಕ್ಯಾಶ್ 16 ಮೆಗಾಬೈಟ್ ಮಾತ್ರ. ಗ್ರಾಫಿಕ್ಸ್ ಕಾರ್ಡ್ ಹಾಕಿ ಆಟ ಆಡುವ ಹುಡುಗರಿಗೆ 5600 ಸರಿ. ಕಾರ್ಡಿಗೆ ದುಡ್ಡಿಲ್ಲ, ಮನೆಯಲ್ಲಿ ಓದು-ಬರಹ, ಒಂದಿಷ್ಟು ವಿಡಿಯೋ ಎಡಿಟಿಂಗ್, ರಜೆಯಲ್ಲಿ ಹಗುರಾದ ಆಟ ಎನ್ನುವವರಿಗೆ 5600ಜಿ ಸರಿ. ಅಂಗಡಿಯಲ್ಲಿ ಎರಡರ ಬೆಲೆ ಹತ್ತಿರಹತ್ತಿರ ಇದ್ದಾಗ ಯಾವುದೋ ಒಂದನ್ನು ಎತ್ತಿಕೊಂಡು ಬರಬೇಡಿ.

5600ಜಿ ಕೊಳ್ಳುವವರಿಗೆ ಒಂದು ಮಾತು ಒತ್ತಿ ಹೇಳಬೇಕು. ಒಳಗಿನ ಗ್ರಾಫಿಕ್ಸ್ ಭಾಗಕ್ಕೆ ಸ್ವಂತ ಮೆಮೊರಿ ಇರುವುದಿಲ್ಲ; ಅದು ರ‍್ಯಾಮ್ ಅನ್ನೇ ಹಂಚಿಕೊಳ್ಳುತ್ತದೆ. 16 ಜಿಬಿಯ ಒಂದೇ ಪಟ್ಟಿ ಹಾಕಿದರೆ ಮಾಹಿತಿ ಓಡಾಡುವ ದಾರಿ ಒಂದೇ. ಎಂಟೆಂಟು ಜಿಬಿಯ ಎರಡು ಪಟ್ಟಿ ಹಾಕಿದರೆ ದಾರಿ ಎರಡು. ಬೆಲೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ಆದರೆ ಆಟದಲ್ಲಿ, ವಿಡಿಯೋ ಕೆಲಸದಲ್ಲಿ ಫಲ ಕಣ್ಣಿಗೆ ಕಾಣುವಷ್ಟು. ಎರಡು ಪಟ್ಟಿ ಹಾಕಿಕೊಡಿ ಎಂದು ಅಂಗಡಿಯವರನ್ನು ಕೇಳಿ.

ಇನ್ನು ಬೆಲೆಯ ವಿಷಯ. ರೂಪಾಯಿ ಲೆಕ್ಕ ನಾನು ಹೇಳುವುದಿಲ್ಲ, ಏಕೆಂದರೆ ಅದು ತಿಂಗಳಿಗೊಮ್ಮೆ ಬದಲಾಗುತ್ತದೆ. ಲೆಕ್ಕ ಹಾಕುವ ಬಗೆ ಹೇಳುತ್ತೇನೆ. ಪ್ರೊಸೆಸರಿನ ಬೆಲೆಯನ್ನು ಒಂಟಿಯಾಗಿ ನೋಡಬೇಡಿ. ಪ್ರೊಸೆಸರ್, ಅದಕ್ಕೆ ಹೊಂದುವ ಮದರ್‌ಬೋರ್ಡ್, ಆ ಬೋರ್ಡಿಗೆ ಹೊಂದುವ ರ‍್ಯಾಮ್, ಕೂಲರ್ ಪೆಟ್ಟಿಗೆಯಲ್ಲಿ ಬರದಿದ್ದರೆ ಅದು, ಇವಿಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಕೂಡಿ. ಎಎಂಡಿಯ ಹೊಸ ಎಎಂ5 ಬೋರ್ಡಿಗೆ ಡಿಡಿಆರ್5 ರ‍್ಯಾಮೇ ಆಗಬೇಕು. ಹಿಂದಿನ ಎಎಂ4 ಬೋರ್ಡಿಗೆ ಡಿಡಿಆರ್4. ಇಂಟೆಲ್‌ನ 12, 13, 14ನೇ ಜನರೇಷನ್ನಿನ ಬೋರ್ಡ್‌ಗಳಲ್ಲಿ ಡಿಡಿಆರ್4ರದ್ದೂ ಸಿಗುತ್ತದೆ, ಡಿಡಿಆರ್5ರದ್ದೂ ಸಿಗುತ್ತದೆ. 2025ರ ಕೊನೆಯ ತಿಂಗಳುಗಳಿಂದ ಮೆಮೊರಿ ಬೆಲೆ ಜಗತ್ತಿನಾದ್ಯಂತ ಏರಿತು. ಕೃತಕ ಬುದ್ಧಿಮತ್ತೆಯ ದೊಡ್ಡ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಂಡದ್ದು ಅದಕ್ಕೆ ದೊಡ್ಡ ಕಾರಣ. ಹೀಗಿರುವಾಗ ಮನೆಯ ಹಳೆಯ ಯಂತ್ರದಲ್ಲಿ ಡಿಡಿಆರ್4 ಪಟ್ಟಿಗಳಿದ್ದರೆ ಅವು ಬೆಲೆಬಾಳುತ್ತವೆ. ಅವನ್ನೇ ಬಳಸುವಂಥ ಬೋರ್ಡ್ ಆರಿಸಿದರೆ ಉಳಿಯುವ ದುಡ್ಡು ಐ3ರಿಂದ ಐ5ಕ್ಕೆ ಏರಲು ಸಾಕಾಗಬಹುದು.

ಐ3-12100, 13100, 14100 ಮೂರೂ ಅಂಗಡಿಯಲ್ಲಿದ್ದರೆ ಅಗ್ಗವಾದದ್ದನ್ನು ತೆಗೆದುಕೊಳ್ಳಿ. ಮೂರರಲ್ಲೂ ಅದೇ ನಾಲ್ಕು ಕೋರ್. ಗರಿಷ್ಠ ವೇಗ 4.3 ಗಿಗಾಹರ್ಟ್ಸ್‌ನಿಂದ 4.5ಕ್ಕೆ, ಅಲ್ಲಿಂದ 4.7ಕ್ಕೆ ಏರಿದೆ, ಅಷ್ಟೇ. ಜನರೇಷನ್ ಕೇಳಿ ಎಂದು ಇಷ್ಟು ಹೊತ್ತು ಹೇಳಿದೆ. ಇಲ್ಲಿ ಮಾತ್ರ ಆ ಅಂಕಿಗೆ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ.

ಎಎಂ4 ಬೋರ್ಡ್ ಈಗಾಗಲೇ ಮನೆಯಲ್ಲಿರುವವರು ಅದೃಷ್ಟವಂತರು. 2018ರಲ್ಲಿ ಬಿ450 ಬೋರ್ಡಿನ ಮೇಲೆ ರೈಜನ್ 3 2200ಜಿ ಹಾಕಿಸಿಕೊಂಡವರು ಆಗ ಬಹಳ ಮಂದಿ. ನಾಲ್ಕು ಕೋರ್, ಒಳಗೇ ಗ್ರಾಫಿಕ್ಸ್, ಬಿಡುಗಡೆಯ ಬೆಲೆ 99 ಡಾಲರ್. ಇವತ್ತು ಆ ಯಂತ್ರ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಆದರೆ ಬೋರ್ಡ್ ಬಿಸಾಡಬೇಕಾಗಿಲ್ಲ, ರ‍್ಯಾಮ್ ಬಿಸಾಡಬೇಕಾಗಿಲ್ಲ. ಬೋರ್ಡನ್ನು ಎಬ್ಬಿಸುವ ಬಯೋಸ್ ತಂತ್ರಾಂಶವನ್ನು ಅಪ್‌ಡೇಟ್ ಮಾಡಿ 5600ಜಿ ಕೂರಿಸಿದರೆ ಯಂತ್ರ ಹೊಸ ಜನ್ಮ ಪಡೆಯುತ್ತದೆ. ಬಯೋಸ್ ಅಪ್‌ಡೇಟ್ ಮಾಡುವುದು ಹಳೆಯ ಚಿಪ್ ಇರುವಾಗಲೇ. ಅದನ್ನು ಕಿತ್ತ ಮೇಲೆ ಹೊಸದು ಹಳೆಯ ಬಯೋಸಿನಲ್ಲಿ ಏಳುವುದಿಲ್ಲ. ಕೂಲರ್ ಕೀಳುವ ಮುಂಚೆ ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗೆ ಮಾಡಿ, ಆಮೇಲೆ ಆಫ್ ಮಾಡಿ ಪ್ಲಗ್ ಕಿತ್ತು, ಕೂಲರನ್ನು ಮೆಲ್ಲಗೆ ಅತ್ತಿತ್ತ ತಿರುಗಿಸಿ ಎತ್ತಿ. ಒಣಗಿದ ಪೇಸ್ಟ್ ಅಂಟಿಕೊಂಡಿದ್ದರೆ ಕೂಲರಿನ ಜೊತೆಗೆ ಚಿಪ್ಪೂ ಸಾಕೆಟ್ಟಿನಿಂದ ಕಿತ್ತುಬಂದು ಪಿನ್ನುಗಳು ಬಾಗುತ್ತವೆ. ಇಷ್ಟು ಕಾಲ ಒಂದೇ ಸಾಕೆಟ್ ಉಳಿಸಿಕೊಂಡದ್ದಕ್ಕೆ ಎಎಂಡಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಬಡವರ ಪಾಲಿಗೆ ಇದು ದೊಡ್ಡ ಉಪಕಾರ.

ಲ್ಯಾಪ್‌ಟಾಪ್ ವಿಚಾರಕ್ಕೆ ಬಂದರೆ ಇನ್ನೂ ಹೆಚ್ಚು ಎಚ್ಚರ ಬೇಕು, ಏಕೆಂದರೆ ಅಲ್ಲಿ ಆಮೇಲೆ ಪ್ರೊಸೆಸರ್ ಬದಲಾಯಿಸಲು ಆಗುವುದಿಲ್ಲ. ರೈಜನ್ 5 7520ಯು ಮತ್ತು ರೈಜನ್ 5 7530ಯು, ಕೇಳಲು ಅಕ್ಕತಂಗಿಯರಂತಿವೆ. ಈ 7000 ಸರಣಿಯಲ್ಲಿ ಗುಟ್ಟಿರುವುದು ಮೂರನೇ ಅಂಕಿಯಲ್ಲಿ. ಅಲ್ಲಿ 2 ಇದ್ದರೆ ಒಳಗಿರುವುದು 2019ರಲ್ಲಿ ಮೊದಲು ಬಂದ ಝೆನ್ 2 ವಿನ್ಯಾಸ, 3 ಇದ್ದರೆ ಝೆನ್ 3, 4 ಇದ್ದರೆ ಝೆನ್ 4. 7520ಯು ನಾಲ್ಕು ಕೋರಿನದು, 7530ಯು ಆರು ಕೋರಿನದು. ಇಂಟೆಲ್ ಕೂಡ 2023ರ ಕೊನೆಯಿಂದ ತನ್ನ ಹೊಸ ಚಿಪ್‌ಗಳಲ್ಲಿ 'ಐ' ಅಕ್ಷರ ಬಿಟ್ಟು ಕೋರ್ 3, ಕೋರ್ 5, ಕೋರ್ ಅಲ್ಟ್ರಾ ಎಂದು ಹೆಸರಿಡಲು ತೊಡಗಿದೆ. ಆದ್ದರಿಂದ ಲ್ಯಾಪ್‌ಟಾಪಿನ ಮೇಲಿನ ಅಂಟುಚೀಟಿ ನೋಡಿ ತೀರ್ಮಾನಿಸಬೇಡಿ. ಪೂರ್ತಿ ಮಾದರಿ ಸಂಖ್ಯೆ ಬರೆದುಕೊಳ್ಳಿ.

ಬರೀ ಬಿಲ್ಲಿಂಗ್, ಬರೀ ಅರ್ಜಿ ತುಂಬುವ ಕೆಲಸ ಎನ್ನುವವರಿಗೆ ಅಂಗೈಯಗಲದ ಪುಟ್ಟ ಪೆಟ್ಟಿಗೆಗಳಲ್ಲಿ ಇಂಟೆಲ್ ಎನ್100 ಎಂಬ ಚಿಪ್ ಬರುತ್ತದೆ. ನಾಲ್ಕು ಸಣ್ಣ ಕೋರ್, 6 ವ್ಯಾಟ್ ದರ್ಜೆ. ಕರೆಂಟು ಹೋಗಿಬರುವ ಊರಿನಲ್ಲಿ ಚಿಕ್ಕ ಯುಪಿಎಸ್ ಮೇಲೆ ಬಹಳ ಹೊತ್ತು ನಿಲ್ಲುತ್ತದೆ. ಫೋಟೋಶಾಪ್, ವಿಡಿಯೋ ಎಡಿಟಿಂಗ್ ಅದಕ್ಕೆ ಹೊರೆಯಾಗುತ್ತದೆ.

ಹೊಸ ಪ್ರೊಸೆಸರ್ ನಿಜಕ್ಕೂ ಬೇಕೇ ಎಂಬುದನ್ನು ಇರುವ ಯಂತ್ರವೇ ಹೇಳುತ್ತದೆ. ಡಿ.ಟಿ.ಪಿ. ಅಂಗಡಿ ನಡೆಸುವ ಪರಿಚಿತರೊಬ್ಬರು ಯಂತ್ರ ನಿಧಾನವಾಗಿದೆ, ಐ7 ಹಾಕಿಸಬೇಕು ಎಂದು ಕುಳಿತಿದ್ದರು. ಲಗ್ನಪತ್ರಿಕೆಯ ಕಡತ ತೆರೆಯುವಷ್ಟರಲ್ಲಿ ಎದುರು ಕೂತ ಗಿರಾಕಿ ಆಕಳಿಸುತ್ತಿದ್ದರು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಕೀಲಿ ಒಟ್ಟಿಗೆ ಒತ್ತಿದೆವು. ಟಾಸ್ಕ್ ಮ್ಯಾನೇಜರ್ ತೆರೆದುಕೊಂಡಿತು. ಪರ್ಫಾರ್ಮೆನ್ಸ್ ಪುಟದಲ್ಲಿ ಪ್ರೊಸೆಸರಿನ ಗೆರೆ ತಳದಲ್ಲೇ ತೆವಳುತ್ತಿತ್ತು. ಡಿಸ್ಕಿನ ಗೆರೆ ನೂರಕ್ಕೆ ನೂರು ಮುಟ್ಟಿ ನಿಂತಿತ್ತು. ಅವರಿಗೆ ಬೇಕಾಗಿದ್ದದ್ದು ಹಳೆಯ ಹಾರ್ಡ್ ಡಿಸ್ಕಿನ ಜಾಗಕ್ಕೆ ಒಂದು ಎಸ್‌ಎಸ್‌ಡಿ. ಪ್ರೊಸೆಸರಿನ ಬೆಲೆಯ ಒಂದು ಪಾಲಿನಲ್ಲಿ ಮುಗಿಯುವ ಕೆಲಸ. ನೀವೂ ನಿಮ್ಮ ನಿತ್ಯದ ಕೆಲಸ ಮಾಡುತ್ತಲೇ ಆ ಪುಟ ತೆರೆದಿಟ್ಟು ನೋಡಿ. ಡಿಸ್ಕ್ ತುಂಬಿದರೆ ಎಸ್‌ಎಸ್‌ಡಿ, ಮೆಮೊರಿ ತುಂಬಿದರೆ ರ‍್ಯಾಮ್. ಪ್ರೊಸೆಸರಿನ ಗೆರೆ ಪದೇಪದೇ ಮೇಲಕ್ಕೆ ಮುಟ್ಟಿ ಅಲ್ಲೇ ನಿಂತರೆ ಪ್ರೊಸೆಸರಿಗೆ ದುಡ್ಡು ಹಾಕುವುದು ನ್ಯಾಯ.

ಕೊಳ್ಳಲು ಹೋದಾಗ ಸೀಲು ಒಡೆಯದ ಪೆಟ್ಟಿಗೆಯದನ್ನೇ ಕೇಳಿ. ಪೆಟ್ಟಿಗೆಯ ಚಿಪ್ಪಿಗೆ ಇಂಟೆಲ್, ಎಎಂಡಿ ಎರಡೂ ಮೂರು ವರ್ಷದ ವಾರಂಟಿ ಕೊಡುತ್ತವೆ. ಪೆಟ್ಟಿಗೆಯಿಲ್ಲದೆ ಬಿಡಿಯಾಗಿ ಬರುವುದನ್ನು ಟ್ರೇ ಎನ್ನುತ್ತಾರೆ. ಅಲ್ಲಿ ಅಂಗಡಿಯವರ ಮಾತೇ ವಾರಂಟಿ, ಕೂಲರನ್ನೂ ಬೇರೆ ಕೊಳ್ಳಬೇಕು. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ಪೆಟ್ಟಿಗೆಯ ಮೇಲಿನದಕ್ಕೆ ತಾಳೆ ನೋಡಿ. ಆಮೇಲೆ ಪಿನ್ನುಗಳು. ಎಎಂ4 ಚಿಪ್ಪಿನಲ್ಲಿ ಪಿನ್ನುಗಳು ಚಿಪ್ಪಿನ ಹೊಟ್ಟೆಯ ಕೆಳಗೇ ಇರುತ್ತವೆ. ಇಂಟೆಲ್‌ನಲ್ಲೂ ಎಎಂ5ರಲ್ಲೂ ಅವು ಮದರ್‌ಬೋರ್ಡಿನ ಸಾಕೆಟ್ಟಿನಲ್ಲಿ ಇರುತ್ತವೆ, ಕೂದಲೆಳೆಯಷ್ಟು ಸಣ್ಣವು. ಒಂದು ಬಾಗಿದ್ದರೂ ವಾರಂಟಿ ಸಿಗುವುದು ಕಷ್ಟ. ದುಡ್ಡು ಕೊಡುವ ಮುಂಚೆ, ಅಂಗಡಿಯ ಕೌಂಟರಿನ ಮೇಲೆಯೇ ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳ ತೆಗೆಸಿ, ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಸಾಲು ನೆಟ್ಟಗಿದ್ದರೆ ಎಲ್ಲ ಪಿನ್ನುಗಳೂ ಒಂದೇ ಸಮ ಹೊಳೆಯುತ್ತವೆ. ಬಾಗಿದ್ದು ಬೇರೆಯಾಗಿ ಕಾಣುತ್ತದೆ. ಹಾಗೆ ಕಂಡರೆ ಬೇರೆ ಬೋರ್ಡ್ ತರಿಸಲು ಹೇಳಿ.